ಒಣ ತೋಟಕ್ಕೆ ಯಾವ ಗಿಡ? ಮೊದಲು ಸತ್ತ ಗಿಡದ ಬೇರು ನೋಡಿ

ಪ್ರಶ್ನೆ: ಮನೆ ಮುಂದೆ ಸುಮಾರು 20 ಅಡಿ ಉದ್ದ, 8 ಅಡಿ ಅಗಲದ ಜಾಗ ಇದೆ. ಬೆಳಗ್ಗೆಯಿಂದ ಸಂಜೆ ತನಕ ಬಿಸಿಲು. ನೀರು ಕಡಿಮೆ. ಹಾಗಾಗಿ ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡ) ಬೆಳೆಸೋಣ ಅಂತ ಎಚೆವೇರಿಯಾ, ಲೋಳೆಸರ, ಹಾವೋರ್ಥಿಯಾ, ಅಡೀನಿಯಂ ಎಲ್ಲ ಸೇರಿ ಎಂಟು ಕುಂಡ ತಂದೆ. ದಿನಾ ಒಂದೊಂದು ಸಣ್ಣ ಲೋಟ ನೀರು ಮಾತ್ರ ಹಾಕುತ್ತಿದ್ದೆ. ಎರಡು ತಿಂಗಳಲ್ಲಿ ಐದು ಸತ್ತವು. ಎಲೆಗಳು ನೀರು ತುಂಬಿದ ಹಾಗೆ ಮೆತ್ತಗಾಗಿ ಉದುರಿದವು. ಹಾವೋರ್ಥಿಯಾ ಕೆಂಪಗಾಗಿದೆ, ಅಡೀನಿಯಂ ಬುಡ ಒಂದು ಕಡೆ ಮೆತ್ತಗಿದೆ. ನನ್ನ ಜಾಗಕ್ಕೆ ನಿಜವಾಗಿ ಹೊಂದುವ ಗಿಡ ಯಾವುವು?

ಉತ್ತರ: ನಿಮ್ಮ ಪ್ರಶ್ನೆ ಓದುವಾಗ "ದಿನಾ ಒಂದೊಂದು ಸಣ್ಣ ಲೋಟ" ಅನ್ನುವ ಕಡೆ ನನ್ನ ಕಣ್ಣು ನಿಂತುಬಿಟ್ಟಿತು. ಐದು ಗಿಡ ಹೋಗಿದ್ದು ಅಲ್ಲೇ.

ಗಿಡದ ಹೆಸರು ಹೇಳುವ ಮೊದಲು ನೀವು ಒಂದು ಕೆಲಸ ಮಾಡಿ. ಸತ್ತ ಎಚೆವೇರಿಯಾವನ್ನು ಇನ್ನೂ ಎಸೆದಿಲ್ಲ ಅಂದರೆ ಕುಂಡದಿಂದ ಎತ್ತಿ, ಮಣ್ಣು ಉದುರಿಸಿ, ಒಂದು ಬೇರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಗಿನ ಸಿಪ್ಪೆ ಕಾಲುಚೀಲ ಜಾರಿದ ಹಾಗೆ ಜಾರಿ ಕೈಗೆ ಬಂದು, ಒಳಗೆ ಕೂದಲಿನಂಥ ಒಂದು ಎಳೆ ಮಾತ್ರ ಉಳಿದರೆ ಅದು ಕೊಳೆತ ಬೇರು. ಬಣ್ಣ ಕಂದು ಅಥವಾ ಕಪ್ಪು ಇರುತ್ತದೆ. ಮೂಸಿದರೆ ಕೆಟ್ಟ ವಾಸನೆ. ನೀರಿಲ್ಲದೆ ಸತ್ತ ಬೇರು ಹೀಗಿರಲ್ಲ, ಒಣಕಡ್ಡಿ ಥರ ಪಟ್ಟನೆ ಮುರಿಯುತ್ತದೆ. ಎಲೆ ನೋಡಿದರೂ ಗೊತ್ತಾಗುತ್ತದೆ. ಬಾಯಾರಿದ ಸಕ್ಯುಲೆಂಟ್ ಎಲೆ ತೆಳ್ಳಗಾಗಿ ಸುಕ್ಕುಗಟ್ಟುತ್ತದೆ. ನೀವು ಬರೆದ ಹಾಗೆ ನೀರು ತುಂಬಿಕೊಂಡು, ಆಚೆ ಕಡೆ ಕಾಣುವಷ್ಟು ಮೆತ್ತಗಾಗಿ, ಮುಟ್ಟಿದರೆ ಬೀಳುವುದು ಬೇರು ಕೊಳೆತಾಗ.

ಬೇರಿಗೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕು. ಸ್ವಲ್ಪ ಸ್ವಲ್ಪ ಅಂತ ದಿನಾ ನೀರು ಹಾಕಿದರೆ ಆ ಜಾಗ ಯಾವಾಗಲೂ ಒದ್ದೆ, ಗಾಳಿಗೆ ದಾರಿಯೇ ಇಲ್ಲ. ಬೇರು ಸೋಲುತ್ತದೆ. ಪಿಥಿಯಂ, ಫೈಟಾಪ್ತೊರಾ ಥರದ ಕೊಳೆ ರೋಗಗಳು ಕಾಯುವುದೇ ಇಂಥ ಸಮಯಕ್ಕೆ. ಕೊಳೆತ ಬೇರು ನೀರು ಎಳೆಯಲ್ಲ, ಆಗ ಗಿಡ ಬಾಡಿದ ಹಾಗೆ ಕಾಣುತ್ತದೆ. ಅಯ್ಯೋ ಪಾಪ ಅಂತ ನಾವು ಇನ್ನೊಂದು ಲೋಟ ಹಾಕುತ್ತೇವೆ. ನಾನು ಕಂಡ ಮಟ್ಟಿಗೆ ಸಕ್ಯುಲೆಂಟ್‌ಗಳು ಜಾಸ್ತಿ ಸಾಯುವುದು ಹೀಗೇ, ಪ್ರೀತಿ ಮಾಡುವವರ ಕೈಯಲ್ಲೇ.

ಈಗ ಯಾವ ಗಿಡ ಅನ್ನುವ ಮಾತಿಗೆ ಬರುತ್ತೇನೆ. ಒಣ ಜಾಗದ ಗಿಡ ಕೊಳ್ಳುವಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಈ ಗಿಡ ಬರಗಾಲವನ್ನು ಹೇಗೆ ಕಳೆಯುತ್ತದೆ? ಕೆಲವು ನೀರನ್ನು ಕೂಡಿಟ್ಟುಕೊಳ್ಳುತ್ತವೆ. ಕೆಲವು ಎಲೆಯಿಂದ ನೀರು ಹೋಗದ ಹಾಗೆ ಬಿಗಿ ಮಾಡಿಕೊಳ್ಳುತ್ತವೆ. ಕೆಲವು ಎಲ್ಲ ಎಲೆ ಉದುರಿಸಿ ಸುಮ್ನೆ ಮಲಗುತ್ತವೆ. ಇನ್ನು ಕೆಲವು ಬೇರನ್ನು ಆಳಕ್ಕೆ ಕಳಿಸಿ ನೀರು ಹುಡುಕುತ್ತವೆ. ಇದು ಗೊತ್ತಾದರೆ ನೀರು ಯಾವಾಗ, ಎಷ್ಟು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ನೀವು ತಂದ ಅಡೀನಿಯಂ ಮಲಗುವ ಗಿಡ, ಎಚೆವೇರಿಯಾ ಕೂಡಿಡುವ ಗಿಡ, ಎರಡಕ್ಕೂ ವರ್ಷವಿಡೀ ಒಂದೇ ಲೋಟದ ಲೆಕ್ಕ ನಡೆಯಲ್ಲ.

ಕೂಡಿಡುವ ಗಿಡಗಳದ್ದು ಒಂದು ದೊಡ್ಡ ಗುಟ್ಟಿದೆ. ಬೇರೆ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅದೇ ಬಾಗಿಲಲ್ಲಿ ನೀರೂ ಆವಿಯಾಗಿ ಹೋಗುತ್ತದೆ. ಪಾಪಾಸುಕಳ್ಳಿ, ಕತ್ತಾಳೆ, ಲೋಳೆಸರ, ಎಚೆವೇರಿಯಾ ಇವೆಲ್ಲ ಹಗಲು ಬಾಗಿಲು ಹಾಕಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡಿದ್ದನ್ನು ಮ್ಯಾಲಿಕ್ ಆಮ್ಲವಾಗಿ ಎಲೆಯೊಳಗೆ ಇಟ್ಟುಕೊಂಡು, ಹಗಲು ಬಿಸಿಲಲ್ಲಿ ಬಳಸುತ್ತವೆ. ಬೆಂಜಮಿನ್ ಹೇನ್ ಎಂಬ ಸಸ್ಯತಜ್ಞ ನಮ್ಮ ಕಾಡುಬಸಳೆ ಎಲೆಯನ್ನೇ ಬಾಯಿಗೆ ಹಾಕಿಕೊಂಡು ನೋಡಿ, ಬೆಳಗ್ಗೆ ಹುಳಿ ಇರುತ್ತದೆ, ಮಧ್ಯಾಹ್ನಕ್ಕೆ ಸಪ್ಪೆಯಾಗುತ್ತದೆ ಅಂತ ಬರೆದದ್ದು 1815ರಲ್ಲಿ ಪ್ರಕಟವಾಯಿತು. ರಾತ್ರಿ ಕೂಡಿಟ್ಟ ಆಮ್ಲ ಹಗಲು ಖರ್ಚಾಗುವುದನ್ನು ಆತ ನಾಲಿಗೆಯಲ್ಲೇ ಕಂಡುಹಿಡಿದಿದ್ದ. ನೀವು ತಿಂದು ನೋಡಬೇಡಿ, ಆ ಜಾತಿಯ ಗಿಡಗಳಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಸ್ತು ಇದೆ.

ನಿಮ್ಮ 20 ಅಡಿ ಜಾಗಕ್ಕೆ ಎದ್ದು ಕಾಣುವ ಒಂದೆರಡು ದೊಡ್ಡ ಗಿಡ ಬೇಕು. ಕತ್ತಾಳೆ ಅಂದ ಕೂಡಲೇ ಎಲ್ಲರೂ ಅಗೇವ್ ಅಮೆರಿಕಾನಾ ತರುತ್ತಾರೆ. ದಯವಿಟ್ಟು ಬೇಡ. ಅದು ಬೆಳೆದರೆ 10 ಅಡಿ ಅಗಲ ಆಗಬಹುದು, ನಿಮ್ಮ ಜಾಗದ ಅಗಲವೇ 8 ಅಡಿ. ಎಲೆ ತುದಿಯ ಮುಳ್ಳು ಮಕ್ಕಳ ಕಣ್ಣಿನ ಎತ್ತರಕ್ಕೆ ಬರುತ್ತದೆ. ಎಲೆಯ ರಸ ಚರ್ಮಕ್ಕೆ ತಾಗಿದರೆ ಉರಿ, ತುರಿಕೆ. ಅದರ ಬದಲು ಅಗೇವ್ ಅಟೆನ್ಯುವಾಟಾ ನೋಡಿ. ಮುಳ್ಳೇ ಇಲ್ಲ, ಬೂದುಹಸಿರು ಎಲೆ, ಹೂಗೊಂಚಲು ನರಿ ಬಾಲದ ಹಾಗೆ ಬಾಗುತ್ತದೆ. ತೀರಾ ಸುಡು ಬಿಸಿಲಿದ್ದರೆ ಮಧ್ಯಾಹ್ನ ಸ್ವಲ್ಪ ನೆರಳು ಬೀಳುವ ಮೂಲೆ ಕೊಡಿ. ಇನ್ನೊಂದು ಅಗೇವ್ ವಿಕ್ಟೋರಿಯಾ ರೆಜಿನೆ. ಮೆಕ್ಸಿಕೋದ ಮರುಭೂಮಿಯದು, ಒಂದೂವರೆ ಅಡಿ ಅಗಲಕ್ಕೆ ನಿಲ್ಲುತ್ತದೆ, ಪ್ರತಿ ಎಲೆಯ ಮೇಲೂ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬಿಳಿ ಗುರುತು. ಬೆಳೆಯುವುದು ಬಹಳ ನಿಧಾನ, ಆದರೆ ಇಷ್ಟು ಅಚ್ಚುಕಟ್ಟಾದ ಗಿಡ ನಾನು ಬೇರೆ ನೋಡಿಲ್ಲ. ಒಂದು ಮಾತು ನೆನಪಿರಲಿ, ಸಾಮಾನ್ಯವಾಗಿ ಕತ್ತಾಳೆಯ ಒಂದು ಬುಡ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ನೂರು ವರ್ಷಕ್ಕೊಮ್ಮೆ ಅನ್ನುವುದು ಮಾತು ಅಷ್ಟೇ, ಅಗೇವ್ ಅಮೆರಿಕಾನಾ 10ರಿಂದ 30 ವರ್ಷದಲ್ಲೇ ಹೂ ಬಿಡುತ್ತದೆ.

ಗೋಲ್ಡನ್ ಬ್ಯಾರೆಲ್ ಕ್ಯಾಕ್ಟಸ್ ಕೂಡ ನಿಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಅದರ ಹಳದಿ ಮುಳ್ಳುಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಮುಳ್ಳಿನ ನೆರಳು ಗಿಡದ ಮೈಮೇಲೆ ಜಾಲರಿ ಹಾಸಿದ ಹಾಗೆ ಬಿದ್ದಿರುತ್ತದೆ. ದನಕರು ಬಾಯಿ ಹಾಕದಂತೆ ತಡೆಯುವ ಮುಳ್ಳೇ ಗಿಡಕ್ಕೆ ಕೊಡೆಯೂ ಹೌದು. ಮೈಮೇಲಿನ ಮಡಿಕೆಗಳು ನೀರು ಕುಡಿದಾಗ ಅರಳಿ, ಒಣಗಿದಾಗ ಹತ್ತಿರ ಬರುತ್ತವೆ, ಹಾರ್ಮೋನಿಯಂ ತಿದಿಯ ಹಾಗೆ. ಮೆಕ್ಸಿಕೋದಲ್ಲಿ ಇದರ ನೆಲೆ ಅಣೆಕಟ್ಟಿನ ನೀರಲ್ಲಿ ಮುಳುಗಿ, ಕಳ್ಳಸಾಗಣೆಗೂ ಸಿಕ್ಕಿ, ಕಾಡಿನಲ್ಲಿ ಅಳಿವಿನಂಚಿಗೆ ಬಂದಿದೆ. ನರ್ಸರಿಯಲ್ಲಿ ಬೀಜದಿಂದ ಬೆಳೆಸಿದ್ದು ಬೇಕಾದಷ್ಟಿದೆ, ಅದನ್ನೇ ತನ್ನಿ. ಕ್ಯಾಕ್ಟಸ್ ಕುಟುಂಬ ಹೆಚ್ಚುಕಡಿಮೆ ಪೂರ್ತಿಯಾಗಿ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಕಾಡು ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಮೈಮೇಲೆ ಗಾಯದ ಕಲೆ, ಬೇರು ಕತ್ತರಿಸಿದ ಗುರುತು, ಕುಂಡಕ್ಕೆ ಹೊಸದಾಗಿ ತುರುಕಿದ ಹಾಗೆ ಕಾಣುವ ಹಳೇ ಗಿಡ ಕಂಡರೆ ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ಸರಿ ಬರದಿದ್ದರೆ ಬಿಟ್ಟು ಬನ್ನಿ.

ಪಾಪಾಸುಕಳ್ಳಿ ನೆಡಬೇಕು ಅನ್ನಿಸಿದರೆ ಎರಡು ಸಲ ಯೋಚಿಸಿ. ಆಸ್ಟ್ರೇಲಿಯಾಕ್ಕೆ ಹೊರಗಿಂದ ಹೋದ ಪಾಪಾಸುಕಳ್ಳಿ 1920ರ ದಶಕದ ಹೊತ್ತಿಗೆ ಸುಮಾರು 2.4 ಕೋಟಿ ಹೆಕ್ಟೇರ್ ಆವರಿಸಿತ್ತು. 1925ರಲ್ಲಿ ಅರ್ಜೆಂಟೀನಾದಿಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗ ತಂದು, ಮರುವರ್ಷದಿಂದ ಬಿಟ್ಟ ಮೇಲೆ ಹತೋಟಿಗೆ ಬಂತು. ಪಾಪಾಸುಕಳ್ಳಿಯ ದೊಡ್ಡ ಮುಳ್ಳಿಗಿಂತ ಧೂಳಿನಂಥ ಸಣ್ಣ ಮುಳ್ಳು ಹೆಚ್ಚು ಕಾಟ, ಚರ್ಮಕ್ಕೆ ಹತ್ತಿದರೆ ದಿನಗಟ್ಟಲೆ ಚುಚ್ಚುತ್ತಿರುತ್ತದೆ.

ಕ್ಯಾಕ್ಟಸ್ ಅಂತ ಜನ ತರುವ ಎಷ್ಟೋ ಗಿಡಗಳು ಯೂಫೋರ್ಬಿಯಾ, ಅಂದರೆ ನಾವು ಕಳ್ಳಿ ಅನ್ನುವ ಜಾತಿ. ಗುರುತಿಸುವುದು ಸುಲಭ. ಕ್ಯಾಕ್ಟಸ್‌ನಲ್ಲಿ ಮುಳ್ಳು ಹುಟ್ಟುವ ಜಾಗದಲ್ಲಿ ಹತ್ತಿಯ ಉಂಡೆಯಂಥ ಒಂದು ಚುಕ್ಕೆ ಇರುತ್ತದೆ. ಕಳ್ಳಿಯಲ್ಲಿ ಇರಲ್ಲ, ಗಾಯವಾದರೆ ಬಿಳಿ ಹಾಲು ಸುರಿಯುತ್ತದೆ. ಆ ಹಾಲು ಕಣ್ಣಿಗೆ ಬಿದ್ದರೆ ತುಂಬಾ ಅಪಾಯ, ತಕ್ಷಣ ಚೆನ್ನಾಗಿ ತೊಳೆದುಕೊಂಡು ಡಾಕ್ಟರ್ ಹತ್ತಿರ ಹೋಗಬೇಕು. ಕಡ್ಡಿ ಕತ್ತರಿಸುವಾಗ ಗ್ಲೌಸ್, ಕನ್ನಡಕ ಎರಡೂ ಇರಲಿ. ಇಷ್ಟು ಜಾಗ್ರತೆ ಇಟ್ಟುಕೊಂಡರೆ ಮಡಗಾಸ್ಕರ್‌ನ ಯೂಫೋರ್ಬಿಯಾ ಮಿಲಿ ಒಳ್ಳೆಯ ಗಿಡ. ಬಿಸಿಲಿದ್ದಷ್ಟೂ ದಿನ ಹೂ ಬಿಡುತ್ತದೆ, ಬೇಲಿಯಾಗಿಯೂ ನಿಲ್ಲುತ್ತದೆ.

ಜೇಡ್ ಗಿಡ ಅಂತ ಹುಡುಕುವವರಿಗೆ ನಾನು ಪೋರ್ಚುಲಕೇರಿಯಾ ಆಫ್ರಾ ತನ್ನಿ ಅನ್ನುತ್ತೇನೆ. ನೋಡಲು ಜೇಡ್ ಥರವೇ, ಎಲೆ ಚಿಕ್ಕದು, ಕಡ್ಡಿ ಕೆಂಪು ಕಂದು. ಆದರೆ ಬಿಸಿಲು, ಗಾಳಿ, ಮರೆತುಹೋದ ನೀರು ಎಲ್ಲವನ್ನೂ ಇದು ಜೇಡ್‌ಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಆನೆಗಳು ಇದನ್ನು ಮೇಲಿಂದ ಮುರಿದು ತಿನ್ನುತ್ತವೆ, ಕೆಳಗೆ ಬಿದ್ದ ಕೊಂಬೆಗಳು ಅಲ್ಲೇ ಬೇರು ಬಿಡುತ್ತವೆ. ಹಾಗಾಗಿ ನೀವು ಎಷ್ಟು ಕತ್ತರಿಸಿದರೂ ಬೇಜಾರಿಲ್ಲ.

ನೆಲ ಮುಚ್ಚಲು ಪೋರ್ಚುಲಾಕಾ, ಅದೇ ಟೇಬಲ್ ರೋಸ್. ತುಂಡು ಚುಚ್ಚಿದರೆ ಸಾಕು. ಮೋಡದ ದಿನ ಹೂ ಅರಳದೆ ಹೋದರೆ ಗಾಬರಿ ಬೇಡ, ಅದಕ್ಕೆ ಬಿಸಿಲು ಬೇಕೇ ಬೇಕು. ಕಲಂಚೋ ಹೂಗಿಡ ಇಟ್ಟರೆ ಬೀದಿದೀಪದ ಬೆಳಕು ಬೀಳದ ಕಡೆ ಇಡಿ. ಅದಕ್ಕೆ ಮೊಗ್ಗು ಕಟ್ಟಲು ಕೆಲವು ವಾರ ದಿನಕ್ಕೆ 14 ಗಂಟೆ ಹತ್ತಿರ ಕತ್ತಲು ಬೇಕು. ಮುಂದಿನ ವರ್ಷ ಹೂವೇ ಬರಲಿಲ್ಲ ಅನ್ನುವವರ ಮನೆಯಲ್ಲಿ ಬಹಳ ಸಲ ರಾತ್ರಿಯ ದೀಪವೇ ಕಾರಣ.

ಎಚೆವೇರಿಯಾ ಮತ್ತೆ ತರಬೇಕೆಂದಿದ್ದರೆ ತನ್ನಿ, ಆದರೆ ನೆಲಕ್ಕೆ ಬೇಡ, ಕುಂಡದಲ್ಲೇ ಇರಲಿ, ಜೋರು ಮಳೆಯಿಂದ ಎತ್ತಿಡಲು ಆಗಬೇಕು. ಎಲೆ ಮೇಲಿನ ಬೂದಿಯಂಥ ಪುಡಿಯನ್ನು ಧೂಳು ಅಂತ ಒರೆಸಬೇಡಿ. ಅದು ಗಿಡ ತಾನೇ ಹಚ್ಚಿಕೊಂಡ ಮೇಣ, ಬಿಸಿಲು ತಡೆಯುತ್ತದೆ. ಒರೆಸಿದ ಎಲೆಗೆ ಅದು ಮತ್ತೆ ಸರಿಯಾಗಿ ಬರಲ್ಲ, ನಿಮ್ಮ ಬೆರಳಿನ ಗುರುತು ಆ ಎಲೆ ಉದುರುವ ತನಕ ಹಾಗೇ ಉಳಿಯುತ್ತದೆ.

ನಿಮ್ಮ ಹಾವೋರ್ಥಿಯಾ ಕೆಂಪಗಾಗಿದ್ದು ಬಿಸಿಲು ಜಾಸ್ತಿಯಾಗಿ. ಅದು ಪೊದೆಯ ಬುಡದಲ್ಲಿ, ಕಲ್ಲಿನ ಮರೆಯಲ್ಲಿ ಬೆಳೆಯುವ ಗಿಡ. ಮನೆಯೊಳಗೆ ಬೆಳಕಿರುವ ಕಿಟಕಿ ಹತ್ತಿರ ಇಡಿ, ಕೆಲವು ವಾರದಲ್ಲಿ ಹಸಿರಾಗುತ್ತದೆ. ಸ್ನೇಕ್ ಪ್ಲಾಂಟ್, ಝೀ ಝೀ ಗಿಡ ಕೂಡ ಒಳಗೇ ಚೆನ್ನ. ಅಂದ ಹಾಗೆ ಹಳದಿ ಅಂಚಿನ ಸ್ನೇಕ್ ಪ್ಲಾಂಟನ್ನು ಎಲೆ ತುಂಡಿನಿಂದ ಬೆಳೆಸಿದರೆ ಹೊಸ ಗಿಡದಲ್ಲಿ ಆ ಹಳದಿ ಬರಲ್ಲ. ಬುಡದ ಮರಿ ಕಿತ್ತು ನೆಟ್ಟರೆ ಮಾತ್ರ ಬರುತ್ತದೆ.

ಬರೀ ಸಕ್ಯುಲೆಂಟ್ ಹಾಕಿದರೆ ತೋಟ ಪ್ರದರ್ಶನದ ಥರ ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ. ನಡುವೆ ಗಾಳಿಗೆ ಅಲುಗುವ, ಚಿಟ್ಟೆ ಬರುವ ಗಿಡ ಬೇಕು, ಅಲ್ವಾ? ಮಡಗಾಸ್ಕರ್‌ನಿಂದ ಬಂದು ಎಲ್ಲ ಕಡೆ ನೆಲೆಯಾದ ನಿತ್ಯಪುಷ್ಪ ಇದೆ. ಇದರಿಂದಲೇ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧ ಸಿಕ್ಕಿದ್ದು. ಬೋಗನ್‌ವಿಲ್ಲಾ ಇದೆ. ಅದರ ಬಣ್ಣದ ಭಾಗ ಹೂವಲ್ಲ, ಎಲೆಯ ರೂಪ, ನಡುವಿನ ಸಣ್ಣ ಬಿಳಿ ಕೊಳವೆಯೇ ಹೂ. ನೀರು, ಗೊಬ್ಬರ ಎರಡೂ ಜಾಸ್ತಿಯಾದರೆ ಬರೀ ಹಸಿರು ಬಳ್ಳಿ ಓಡುತ್ತದೆ, ಸ್ವಲ್ಪ ಒಣಗಲು ಬಿಟ್ಟರೆ ಬಣ್ಣ ತುಂಬಿಕೊಳ್ಳುತ್ತದೆ. ಕಣಗಿಲೆ ಬಿಗಿ ಮಾಡಿಕೊಳ್ಳುವ ಗಿಡಕ್ಕೆ ಒಳ್ಳೆಯ ಉದಾಹರಣೆ. ಎಲೆಯ ಕೆಳಗೆ ಸಣ್ಣ ಗುಳಿಗಳಿವೆ, ರಂಧ್ರಗಳು ಆ ಗುಳಿಯೊಳಗೆ ರೋಮಗಳ ಮರೆಯಲ್ಲಿ ಕೂತಿವೆ, ಬಿಸಿಗಾಳಿ ನೇರ ತಾಗುವುದಿಲ್ಲ. ಆದರೆ ಗಿಡ ಪೂರ್ತಿ ವಿಷ. ಸಣ್ಣ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಗೆ ನಾನು ಹೇಳಲ್ಲ. ಅಲ್ಲಿಗೆ ರೋಸ್‌ಮರಿ ಹಾಕಿ. ಅದರ ಎಲೆ ಅಂಚು ಒಳಗೆ ಸುತ್ತಿಕೊಂಡು ಇದೇ ಕೆಲಸ ಮಾಡುತ್ತದೆ. ಒಂದು ಮೂಲೆಯಲ್ಲಿ ದೇವಕಣಗಿಲೆ ಇದ್ದರೆ ಒಣ ಕಾಲದಲ್ಲಿ ಎಲೆ ಉದುರಿಸಿ ಬೋಳಾಗುತ್ತದೆ, ಸತ್ತಿತು ಅಂತ ನೀರು ಸುರಿಯಬೇಡಿ, ಅದು ಮಲಗಿದೆ ಅಷ್ಟೇ. ನಿಮ್ಮಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬರುವುದಾದರೆ ದೇವಕಣಗಿಲೆ, ಅಡೀನಿಯಂ, ಯೂಫೋರ್ಬಿಯಾ ಮಿಲಿ ಹೊರಗೆ ಉಳಿಯಲ್ಲ. ಅಂಥ ಕಡೆಗೆ ಸೆಂಪರ್ವೈವಮ್ ಮತ್ತು ಚಳಿ ತಡೆಯುವ ಸೀಡಮ್ ಥರದ ಸಕ್ಯುಲೆಂಟ್‌ಗಳೇ ಸರಿ.

ನೆಡುವಾಗ ಒಂದೇ ರೀತಿ ನೀರು ಬೇಕಾದವನ್ನು ಒಂದು ಕಡೆ ಗುಂಪು ಮಾಡಿ. 1981ರಲ್ಲಿ ಅಮೆರಿಕದ ಡೆನ್ವರ್ ನಗರದ ನೀರು ಪೂರೈಕೆ ಸಂಸ್ಥೆ ಜೆರಿಸ್ಕೇಪ್ ಎಂಬ ಹೆಸರಲ್ಲಿ ಕಡಿಮೆ ನೀರಿನ ತೋಟಗಾರಿಕೆಯನ್ನು ಜನರಿಗೆ ಹೇಳಿಕೊಡಲು ಶುರು ಮಾಡಿತು, ಅದರ ಮುಖ್ಯ ಪಾಠಗಳಲ್ಲಿ ಇದೂ ಒಂದು. ನಿಮ್ಮ ಜಾಗದಲ್ಲಿ ಒಂದು ತುದಿಗೆ ಬೋಗನ್‌ವಿಲ್ಲಾ, ರೋಸ್‌ಮರಿ, ನಿತ್ಯಪುಷ್ಪ ಬರಲಿ. ಇನ್ನೊಂದು ತುದಿಯಲ್ಲಿ ಮಣ್ಣನ್ನು ಒಂದಡಿ ಏರಿಸಿ ದಿಬ್ಬ ಮಾಡಿ, ಅಲ್ಲಿ ಕತ್ತಾಳೆ, ಕ್ಯಾಕ್ಟಸ್, ಲೋಳೆಸರ.

ದಿಬ್ಬದ ಮಣ್ಣಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಗಟ್ಟಿ ಚೂರು ಇರಬೇಕು: ಇಟ್ಟಿಗೆ ಚೂರು, ಸಣ್ಣ ಜಲ್ಲಿ, ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು, ಯಾವುದು ಸಿಕ್ಕರೂ ಸರಿ, 3ರಿಂದ 6 ಮಿಲಿಮೀಟರ್ ಗಾತ್ರದ್ದು. ನುಣ್ಣಗಿನ ಸಣ್ಣ ಮರಳು ಬೇಡ. ಅದು ಜೇಡಿ ಮಣ್ಣಿನ ಜೊತೆ ಸೇರಿದರೆ ಗಾರೆ ಕಟ್ಟುತ್ತದೆ. ಕುಂಡದ ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೆ. ಅದು ಕೆಲಸ ಮಾಡಲ್ಲ. ಒಂದು ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ, ತೊಟ್ಟಿಕ್ಕುವುದು ನಿಲ್ಲಲಿ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಮಣ್ಣೂ ಹಾಗೇ, ತನ್ನ ತಳದ ಒಂದಷ್ಟು ಎತ್ತರದಲ್ಲಿ ನೀರನ್ನು ಹಿಡಿದೇ ಇಡುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ಆ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ಜಲ್ಲಿಯನ್ನು ಮಣ್ಣಿನಲ್ಲೇ ಕಲೆಸಿ. ಮೇಲೆ ಒಂದಿಷ್ಟು ಹಾಸಿದರೂ ಒಳ್ಳೆಯದೇ, ಎಲೆಗೆ ಕೆಸರು ಸಿಡಿಯಲ್ಲ.

ಸಕ್ಯುಲೆಂಟ್ ನೆಟ್ಟ ದಿನ ನೀರು ಹಾಕಬೇಡಿ. ಕಿತ್ತ ಬೇರಿನ ಗಾಯ ಒಣಗಲು ಒಂದು ವಾರ ಬಿಡಿ. ಬೋಗನ್‌ವಿಲ್ಲಾ, ರೋಸ್‌ಮರಿಗೆ ಇದು ಉಲ್ಟಾ: ನೆಟ್ಟ ತಕ್ಷಣ ಚೆನ್ನಾಗಿ ನೀರು, ಮೊದಲ ವರ್ಷ ಒಣ ದಿನಗಳಲ್ಲಿ ತಪ್ಪದೆ ನೀರು. ಬರ ತಡೆಯುವ ಗಿಡ ಅಂದರೆ ಬೇರು ಆಳಕ್ಕೆ ಇಳಿದ ಮೇಲೆ ತಡೆಯುವ ಗಿಡ ಅಂತ ಅರ್ಥ, ಮೊದಲ ದಿನದಿಂದಲ್ಲ. ಹಾಕುವಾಗ ನಿಧಾನವಾಗಿ, ಆಳಕ್ಕೆ ಇಳಿಯುವ ಹಾಗೆ ಹಾಕಿ. ಕುಂಡದ ಸಕ್ಯುಲೆಂಟ್‌ಗೂ ಅಷ್ಟೇ, ತಳದ ತೂತಿಂದ ಹರಿಯುವ ತನಕ ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಆಮೇಲೆ ಪೂರ್ತಿ ಒಣಗುವ ತನಕ ಕೈ ಹಾಕಬೇಡಿ. ನೀರು ಹಾಕಿದ ಕೂಡಲೇ ಕುಂಡ ಎತ್ತಿ ನೋಡಿ, ನಾಲ್ಕು ದಿನ ಬಿಟ್ಟು ಎತ್ತಿ ನೋಡಿ, ಹತ್ತು ದಿನ ಬಿಟ್ಟು ನೋಡಿ. ಒಂದು ತಿಂಗಳಲ್ಲಿ ನಿಮ್ಮ ಕೈಗೆ ತೂಕದ ಲೆಕ್ಕ ಬರುತ್ತದೆ. ಆ ಲೆಕ್ಕ ಬರುವ ತನಕ ಒಂದು ಒಣ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆಯಿರಿ, ಮಣ್ಣು ಅಂಟಿಕೊಂಡು ಬಂದರೆ ಇನ್ನೂ ಬೇಡ.

ಇನ್ನೊಂದು ಜಾಗ್ರತೆ. ನರ್ಸರಿಯವರು ಗಿಡಗಳನ್ನು ನೆರಳುಪರದೆ ಕೆಳಗೆ ಬೆಳೆಸಿರುತ್ತಾರೆ. ಕ್ಯಾಕ್ಟಸ್ ಆದರೂ ನೇರ ಬಿಸಿಲಿಗೆ ಇಟ್ಟರೆ ಸುಡುತ್ತದೆ, ಆ ಕಲೆ ಮಾಯುವುದಿಲ್ಲ. ಬೆಳಗಿನ ಬಿಸಿಲಿಂದ ಶುರು ಮಾಡಿ ಎರಡು ಮೂರು ವಾರ ತೆಗೆದುಕೊಂಡು ಅಭ್ಯಾಸ ಮಾಡಿಸಿ. ಎಲೆ ಸಂದಿಯಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ವಾರಕ್ಕೊಮ್ಮೆ ಮತ್ತೆ ನೋಡಿ. ಇರುವೆ ಓಡಾಡುತ್ತಿದ್ದರೆ ತಿಗಣೆ ಎಲ್ಲೋ ಇದೆ ಅಂತಲೇ ತಿಳಿಯಿರಿ.

ಈಗ ನಿಮ್ಮ ಅಡೀನಿಯಂ. ಇದು ಇವತ್ತೇ ಆಗಬೇಕಾದ ಕೆಲಸ, ಮಿಕ್ಕಿದ್ದೆಲ್ಲ ಕಾಯುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಅದರ ರಸ ಆಫ್ರಿಕಾದಲ್ಲಿ ಬಾಣಕ್ಕೆ ಹಚ್ಚುತ್ತಿದ್ದ ವಿಷ. ಗಿಡ ಕಿತ್ತು, ಮಣ್ಣು ತೊಳೆದು, ಬುಡವನ್ನು ಸುತ್ತಲೂ ಒತ್ತಿ ನೋಡಿ. ಮೆತ್ತಗಿರುವ ಭಾಗವನ್ನು ಚೊಕ್ಕ ಚಾಕುವಿನಿಂದ ಕತ್ತರಿಸುತ್ತಾ ಹೋಗಿ, ಪ್ರತಿ ಸಲ ಚಾಕುವನ್ನು ಆಲ್ಕೋಹಾಲ್‌ನಲ್ಲಿ ಒರೆಸಿ. ಒಳಗೆ ಕಂದು ಚುಕ್ಕೆ, ಕಂದು ಗೆರೆ ಒಂದೂ ಇಲ್ಲದೆ ಪೂರ್ತಿ ಕೆನೆ ಬಿಳುಪು ಕಾಣುವ ತನಕ ನಿಲ್ಲಿಸಬೇಡಿ. ಸ್ವಲ್ಪ ಬಿಟ್ಟರೂ ಅದು ಮತ್ತೆ ಹಬ್ಬುತ್ತದೆ. ಕೈ ನಡುಗುವಷ್ಟು ಕತ್ತರಿಸಬೇಕಾಗಬಹುದು, ಅರ್ಧ ಬುಡ ಕಳೆದುಕೊಂಡ ಅಡೀನಿಯಂ ಚಿಗುರಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಗಾಳಿಯಾಡುವ ನೆರಳಲ್ಲಿ ಹತ್ತು ಹದಿನೈದು ದಿನ ಹಾಗೇ ಇಡಿ. ಕತ್ತರಿಸಿದ ಜಾಗ ಬೆರಳುಗುರಿಗೆ ಗಟ್ಟಿ ತಾಗಿದ ಮೇಲೆ ಒಣ ಜಲ್ಲಿಮಣ್ಣಲ್ಲಿ ನೆಟ್ಟು, ಇನ್ನೊಂದು ವಾರ ಬಿಟ್ಟು ಮೊದಲ ನೀರು ಹಾಕಿ. ಬುಡ ಪೂರ್ತಿ ಹೋಗಿದ್ದರೆ ಮೇಲಿನ ಗಟ್ಟಿ ಕೊಂಬೆಗಳನ್ನು ಹೀಗೇ ಒಣಗಿಸಿ ನೆಡಿ. ಬೀಜದ ಗಿಡದಷ್ಟು ದಪ್ಪ ಬುಡ ಅವಕ್ಕೆ ಬರಲ್ಲ, ಹೂ ಮಾತ್ರ ಅದೇ ಬಣ್ಣದ್ದು ಬರುತ್ತದೆ.